ಮಾವನಿಗೆ ಬಂದ ಪ್ರಮಾಣಪತ್ರ

ಎಂ.ಎಸ್.ಡಬ್ಲ್ಯು. ಓದುವವರಿಗೆ ಇಂಟರ್ನ್‌ಶಿಪ್ ಕಡ್ಡಾಯ. ಬೆಂಗಳೂರಿನ ಒಂದು ಅಂತರರಾಷ್ಟ್ರೀಯ ಸ್ವಯಂಸೇವಾ ಸಂಸ್ಥೆ ನನ್ನನ್ನು ಸೇರಿಸಿಕೊಂಡಾಗ ಪ್ಯಾರಿಸ್ಸೋ ಬರ್ಲಿನ್ನೋ ಅಂತ ಕನಸು ಕಂಡೆ. ಕೈಗೆ ಬಂದದ್ದು ತುರುವೇಕೆರೆ ಬಸ್ಸಿನ ಟಿಕೆಟ್ಟು, ಅದೂ ಸೋದರಮಾವನ ಊರಿಗೇ. “ನಿಮಗೆ ಅಲ್ಲಿನ ಜನ ಗೊತ್ತಲ್ಲ” ಅಂದರು ಮೇಡಂ. ಜೊತೆಗೆ ಸ್ವಯಂಸೇವೆಗೆಂದು ಬಂದ ಇಬ್ಬರು ಬೆಲ್ಜಿಯಂ ಹುಡುಗರು.

ಹೀಗೆ ದೇಶ ದಾಟಿ ಬಂದು ಮಾಡುವ ಸೇವೆಗೆ ದೊಡ್ಡ ವಂಶಾವಳಿಯೇ ಇದೆ. 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಯುದ್ಧದಲ್ಲಿ ನೆಲಸಮವಾದ ವರ್ಡನ್ ಬಳಿಯ ಹಳ್ಳಿಗೆ ಬೇರೆ ಬೇರೆ ದೇಶದವರನ್ನು ಕಟ್ಟಿಕೊಂಡು ಹೋಗಿ ಮನೆ ಕಟ್ಟಲು ನಿಂತ. 1934ರ ಭೂಕಂಪದ ನಂತರ ಬಿಹಾರಕ್ಕೂ ಬಂದ. ಮಾವನ ಊರಲ್ಲಿ ಯುದ್ಧವೂ ಇಲ್ಲ, ಭೂಕಂಪವೂ ಇಲ್ಲ. ಇದ್ದ ಸಂಕಟ ಒಂದೇ: ಕಾಯಿ ಸುಲಿಯಲು ಆಳು ಸಿಗುತ್ತಿರಲಿಲ್ಲ.

“ಇವರಿಗೆ ಕೂಲಿ ಎಷ್ಟು ಅಳಿಯಾ?”

“ಕೂಲಿ ಇಲ್ಲ ಮಾವ. ಅವರೇ ದುಡ್ಡು ಕಟ್ಟಿ ಬಂದವ್ರೆ.”

ಬಾಯಿಗೆ ಹೋಗುತ್ತಿದ್ದ ಎಲೆಯಡಿಕೆ ಅಲ್ಲೇ ನಿಂತಿತು. “ಇಂಥೋರು ಇನ್ನೆಷ್ಟು ಜನ ಅವ್ರೆ?”

ಅಟ್ಟದಲ್ಲಿ ತಿಂಗಳುಗಟ್ಟಲೆ ಬಿದ್ದು ನೀರು ಬತ್ತಿದ ಕಾಯಿ. ಅಲುಗಿಸಿದರೆ ಒಳಗೆ ಕೊಬ್ಬರಿ ಉಂಡೆ ಗೊಡಗೊಡ ಅನ್ನಬೇಕು. ಮಟ್ಟೆ ಸುಲಿದು, ಮಚ್ಚಿನಿಂದ ಮೆಲ್ಲಗೆ ತಟ್ಟುತ್ತ, ತಿರುಗಿಸುತ್ತ, ಉಂಡೆಗೆ ಗಾಯವಾಗದಂತೆ ಚಿಪ್ಪು ಬಿಡಿಸಬೇಕು. ಚೂರಾದರೆ ಉಂಡೆಯ ಬೆಲೆ ಹೋಯಿತು. 2024ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 12,000 ರೂಪಾಯಿ. ಬೆಲ್ಜಿಯಂ ಹುಡುಗರು ಬೀಸಿದ ಒಂದೊಂದು ಏಟಿಗೂ ಮಾವ ಕಣ್ಣು ಮುಚ್ಚಿ ಈ ಲೆಕ್ಕ ಹಾಕುತ್ತಿದ್ದರು. ಅತ್ತೆ ಚೂರನ್ನೆಲ್ಲ ಬಾಚಿ, ಬೆಲ್ಲದ ಜೊತೆ ಆ ಹುಡುಗರಿಗೇ ತಿನ್ನಿಸಿದರು. ಕಡೆಗೆ ಮಾವನೇ ಪಕ್ಕದಲ್ಲಿ ಕೂತು, ಕೈ ಹಿಡಿದು ಕಲಿಸಿದ ಮೇಲೆ ಉಂಡೆ ಇಡಿಯಾಗಿ ಹೊರಬರತೊಡಗಿತು. ಹುಡುಗರು ಅದಕ್ಕೆ ಮುತ್ತಿಟ್ಟು ಫೋಟೋ ತೆಗೆಸಿಕೊಂಡರು.

ವರದಿಯ ನಮೂನೆಯಲ್ಲಿ ಒಂದು ಕಲಂ: “ಕೌಶಲ ವರ್ಗಾವಣೆ: ಯಾರಿಂದ, ಯಾರಿಗೆ?” ಮಾವನಿಂದ ಬೆಲ್ಜಿಯಂಗೆ ಅಂತ ಬರೆದೆ. ಬೆಂಗಳೂರಿನಿಂದ ಫೋನು ಬಂತು. ಹೆಸರುಗಳು ಅದಲುಬದಲಾಗಿವೆ, ಸರಿಪಡಿಸಿ. ಸರಿಪಡಿಸಿದೆ, ಇಂಟರ್ನ್‌ಗೆ ಇಂಟರ್ನಲ್ ಮಾರ್ಕ್ಸೇ ಮನೆದೇವರು.

ಸ್ವಲ್ಪ ದಿನಕ್ಕೆ ಮಾವನ ಹೆಸರಿಗೆ ಪ್ರಮಾಣಪತ್ರ ಬಂತು: ತೆಂಗಿನಕಾಯಿ ಸುಲಿಯುವ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದ್ದಾರೆ. ಮಾವ ಅದಕ್ಕೆ ಲ್ಯಾಮಿನೇಶನ್ ಮಾಡಿಸಿ, ಕೊಬ್ಬರಿ ಹರಾಜಿನ ದಿನ ತಿಪಟೂರು ಎಪಿಎಂಸಿಗೆ ಒಯ್ದು ದಲ್ಲಾಳಿಗೆ ತೋರಿಸಿದರು. ದಲ್ಲಾಳಿ ಎರಡು ಸಲ ಓದಿ, “ಅಲ್ಲ ಗೌಡ್ರೇ, ಇಷ್ಟು ವರ್ಷ ನಿಮ್ಮನೇಲಿ ಯಾರು ಸುಲೀತಿದ್ರು?” ಅಂದನಂತೆ.