ಸೀಟು ರಾಯರು

ಸಿಇಟಿ ರಿಸಲ್ಟ್ ಬಂದ ಮೇಲೆ ಜಯನಗರದ ಲಕ್ಷ್ಮಣರಾವ್ ಪಾರ್ಕಿನ ಕಲ್ಲುಬೆಂಚಿನ ಸುತ್ತ ನಾಲ್ಕು ಜನ ಅಪ್ಪಂದಿರು ಕೈಕಟ್ಟಿ ನಿಂತಿದ್ದರೆ, ನಡುವೆ ಕೂತವರು ಸೀಟು ರಾಯರು ಅಂತಲೇ ತಿಳಿಯಿರಿ. ಬ್ಯಾಂಕಿನಿಂದ ರಿಟೈರಾದವರು. ಸೆಕೆಯಲ್ಲೂ ಮಂಕಿ ಕ್ಯಾಪು, ಕಂಕುಳಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಹಳೇ ಎಲ್‌ಐಸಿ ಡೈರಿ. ಅದರೊಳಗೆ ಕಾಲೇಜುಗಳ ಕಟ್‌ಆಫ್ ರ‍್ಯಾಂಕು, ಫೀಸು, ಎಲ್ಲಾ ಪೆನ್ಸಿಲಿನಲ್ಲಿ. ಎರಡನೇ ರೌಂಡಿಗೆ ಅಳಿಸಿ ಬರೆಯಬೇಕಲ್ಲ!

ರ‍್ಯಾಂಕು ಕೇಳುವ ಮೊದಲೇ ಅವರ ಪ್ರಶ್ನೆ: “ಒಂದರಿಂದ ಹತ್ತು ಎಲ್ಲಿ ಓದಿದ್ದು?”

“ಇಲ್ಲೇ ಅಂಕಲ್, ನೈಂತ್ ಬ್ಲಾಕು.”

“ಇಂಗ್ಲಿಷ್ ಮೀಡಿಯಮ್ಮಾ?”

“ಹೂಂ.”

“ಥೋ! ಗ್ರಾಮೀಣ ಕೋಟಾನೂ ಹೋಯ್ತು, ಕನ್ನಡ ಮಾಧ್ಯಮದ್ದೂ ಹೋಯ್ತು” ಎಂದು ಅಪ್ಪನ ಕಡೆ ನೋಡುತ್ತಾರೆ, ನೈಂತ್ ಬ್ಲಾಕಿನಲ್ಲಿ ಮನೆ ಮಾಡಿದ್ದೇ ಅಪರಾಧ ಅನ್ನುವ ಹಾಗೆ. “ಆದಾಯ 8 ಲಕ್ಷದೊಳಗಿದ್ಯಾ? ಎಸ್‌ಎನ್‌ಕ್ಯೂ ಕೋಟಾದಲ್ಲಿ ಸೀಟು ಸಿಕ್ಕಿದ್ರೆ ಟ್ಯೂಷನ್ ಫೀಸೇ ಇಲ್ಲ.” ಅಪ್ಪ ಮೆಲ್ಲಗೆ ಕಾರಿನ ಕೀ ಜೇಬಿಗಿಳಿಸುತ್ತಾನೆ.

ಯಾರೇ ಬರಲಿ, ರಾಯರು ಕೊನೆಗೆ ತಳ್ಳುವುದು ಸಿವಿಲ್‌ಗೇ. ಊರೆಲ್ಲಾ ಕಂಪ್ಯೂಟರ್ ಸೈನ್ಸ್ ಅಂತ ಓಡುವಾಗ ಸಿವಿಲ್‌ನಲ್ಲಿ ಹಿಂದಿನ ರ‍್ಯಾಂಕಿಗೂ ಒಳ್ಳೇ ಕಾಲೇಜು ಸಿಗುತ್ತದೆ ಅನ್ನುವುದು ಅವರ ವಾದ, ಸುಳ್ಳೇನಲ್ಲ. ಮೆಟ್ರೋ ಕಂಬ ತೋರಿಸಿ “ಇದನ್ನೇನು ಕೋಡಿಂಗ್ ಮಾಡಿ ನಿಲ್ಲಿಸಿದ್ರಾ?” ಅನ್ನುತ್ತಾರೆ. ಆಮೇಲೆ ಡೈರಿ ಬಿಚ್ಚಿಕೊಳ್ಳುತ್ತದೆ. “ಮೊದಲನೇ ಆಪ್ಷನ್ ಯುವಿಸಿಇ. 1917ರಲ್ಲಿ ಸರ್ ಎಂ.ವಿ. ಶುರು ಮಾಡಿಸಿದ್ದು. ಮೆಟ್ರೋ ಹತ್ತು, ಮೆಜೆಸ್ಟಿಕ್‌ನಲ್ಲಿ ಬದಲಾಯಿಸು, ಜ್ಞಾನಭಾರತಿ ಸ್ಟೇಷನ್‌ನಲ್ಲಿ ಇಳಿ, ಸಿವಿಲ್ ಇರೋದು ಆ ಕ್ಯಾಂಪಸ್ಸಿನಲ್ಲೇ. ಹಾಸ್ಟೆಲ್ ಖರ್ಚಿಲ್ಲ, ಮಧ್ಯಾಹ್ನಕ್ಕೆ ಅಮ್ಮನ ಡಬ್ಬಿ. ಎರಡನೇದು ಬುಲ್ ಟೆಂಪಲ್ ರೋಡಿನ ಬಿಎಂಎಸ್, ಅನುದಾನಿತ ಸೀಟು. ಕೋಡ್ ನೋಡಿ ಹಾಕಪ್ಪಾ, ಕೋಡ್ ತಪ್ಪಿದ್ರೆ ಫೀಸೂ ತಪ್ಪುತ್ತೆ.”

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಸಿಕ್ಕರಂತೂ ರಾಯರಿಗೆ ಹಬ್ಬ. ಪಿಯುಸಿ 2, ಬಿಇ 4, ಒಟ್ಟು 6 ವರ್ಷ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ 3, ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಿದರೆ ಇನ್ನೊಂದು 3, ಅದೂ 6. “ವರ್ಷ ಅಷ್ಟೇ. ಪಿಯು ಫೀಸು ಉಳೀತು, ಕೋಚಿಂಗ್ ಉಳೀತು, ನಡುವೆ ಬಂದ ಡಿಪ್ಲೊಮಾ ಬಡ್ಡಿ!” ಈ ಲೆಕ್ಕಕ್ಕೆ ನಾನೇ ಸೋತು ಅಣ್ಣನ ಮಗನನ್ನು ಹಾಗೇ ಸೇರಿಸಿದೆ.

ಇಷ್ಟೆಲ್ಲಾ ಹೇಳಿ ರಾಯರು ಒಂದು ಬೈಟು ಕಾಫಿಯನ್ನೂ ಕೊಡಿಸಿಕೊಳ್ಳುವುದಿಲ್ಲ. ಆದರೆ ಹುಡುಗ ಒಂದು ಸೆಮಿಸ್ಟರ್ ದಾಟಿದನೋ, ಬನಶಂಕರಿ ಸೆಕೆಂಡ್ ಸ್ಟೇಜಿನ ಅವರ ಮನೆಯಿಂದ ಬುಲಾವ್ ಬರುತ್ತದೆ. “ಮೇಲೆ ಬಾ ಮರಿ, ಸುಮ್ನೆ ಒಂದ್ಸಲ ನೋಡು.” ತಾರಸಿ ಸೋರುತ್ತದೆ. ಮನೆ ಕಟ್ಟುವಾಗ ಇಂಜಿನಿಯರ್ ಫೀಸು ದಂಡ ಅಂತ ರಾಯರು ಮೇಸ್ತ್ರಿ ಕೈಲೇ ಮುಗಿಸಿದ್ದರು. ಈವರೆಗೆ ಅವರೇ ಸೀಟು ಕೊಡಿಸಿದ ಏಳು ಜನ ಮೇಲೆ ಹತ್ತಿ ಇಳಿದಿದ್ದಾರೆ. ಒಬ್ಬ ವಾಟ ಸರಿಯಿಲ್ಲ ಅಂದ, ಇನ್ನೊಬ್ಬ ಪ್ಯಾರಾಪೆಟ್ ಬುಡದಲ್ಲಿ ಬಿರುಕು ಅಂದ. ನಮ್ಮ ಹುಡುಗ ತುಂಬಾ ಹೊತ್ತು ಬಗ್ಗಿ ನೋಡಿ “ಅದು ಇನ್ನೂ ಸಿಲಬಸ್ಸಿಗೆ ಬಂದಿಲ್ಲ ಅಂಕಲ್” ಅಂದ.

ಆಪ್ಷನ್ ಎಂಟ್ರಿ ಬಾಕಿ ಇರುವವರು ಬೆಳಗ್ಗೆ ಏಳರೊಳಗೆ ಪಾರ್ಕಿಗೆ ಹೋಗಿ. ರಾತ್ರಿ ಮಳೆ ಬಂದಿದ್ದರೆ ಮಾತ್ರ ಹೋಗಬೇಡಿ. ರಾಯರು ಮನೆಯಲ್ಲಿ ಬಕೆಟ್ ಖಾಲಿ ಮಾಡುತ್ತಿರುತ್ತಾರೆ.