ಅಣ್ಣಯ್ಯ, ದಾವೆಗೆ ಹೆದರಬೇಡಿ

ನಿಮ್ಮ ತಮ್ಮ ಪಾಲು ಕೇಳಿ ದಾವೆ ಹೂಡಿದನೆಂದು ಊಟ ಬಿಟ್ಟಿದ್ದೀರಂತೆ. ಎರಡೆಕರೆ ಅಡಿಕೆ ತೋಟ ನಿಮ್ಮ ಸ್ವಾಧೀನದಲ್ಲಿರುವಾಗ ಊಟ ಬಿಡಬೇಕಾದವನು ಅವನು. ನೀವು ಹೊಟ್ಟೆ ತುಂಬ ಉಂಡು, ಮಧ್ಯಾಹ್ನ ಒಂದು ನಿದ್ದೆ ತೆಗೆಯಿರಿ. ಸಿವಿಲ್ ಪ್ರಕ್ರಿಯಾ ಸಂಹಿತೆ 1908ರಿಂದಲೂ ನಿಮ್ಮಂಥವರನ್ನು ಕಾಪಾಡಿಕೊಂಡು ಬಂದಿದೆ.

ಮೊದಲು ಸಮನ್ಸು. ಅಮೀನ ಮನೆಗೆ ಬಂದರೆ ನೀವು ತೋಟದಲ್ಲಿರಿ, ತೋಟಕ್ಕೆ ಬಂದರೆ ಪೇಟೆಯಲ್ಲಿರಿ. 'ಮನೆಗೆ ಬೀಗ' ಎಂಬ ಷರಾದೊಂದಿಗೆ ಕಾಗದ ವಾಪಸಾದರೆ ಒಂದು ಕೊಯ್ಲು ನಿಮ್ಮದು. ಕಡೆಗೆ ಬಾಗಿಲಿಗೇ ಅಂಟಿಸಿದರೆ ವಕಾಲತ್ತಿಗೆ ಸಹಿ ಹಾಕಿ.

ಲಿಖಿತ ಹೇಳಿಕೆಗೆ 30 ದಿನ, ಹೆಚ್ಚೆಂದರೆ 90. ಆದರೆ ಈ 90 ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟೇ 2005ರಲ್ಲಿ ಹೇಳಿದೆ. ತೀರಾ ವಿಶೇಷ ಸಂದರ್ಭಕ್ಕೆ ಮಾತ್ರ ವಿನಾಯಿತಿ ಎಂದೂ ಹೇಳಿದೆಯೆನ್ನಿ. ನಮ್ಮ ತಾಲ್ಲೂಕಿನಲ್ಲಿ ವಿಶೇಷವಲ್ಲದ ಸಂದರ್ಭ ಯಾವುದಿದೆ?

ಹೇಳಿಕೆಯಲ್ಲಿ ತಂಗಿಯನ್ನು ನೆನೆಯಿರಿ. ಅವಳಿಗೆ ಗೌರಿ ಬಾಗಿನ ಕೊಟ್ಟು ಎಷ್ಟು ವರ್ಷವಾಯಿತೋ, ಇರಲಿ. 'ಒಡಹುಟ್ಟಿದ ಹೆಣ್ಣುಮಗಳನ್ನು ಪಾರ್ಟಿ ಮಾಡದ ಈ ದಾವೆ ಊರ್ಜಿತವಲ್ಲ' ಎಂದು ಬರೆಸುವಾಗ ಗಂಟಲು ಕಟ್ಟಿಬರಬೇಕು. ಅವಳು ಮುಂಬೈಯಲ್ಲಿದ್ದಾಳಲ್ಲವೇ? ಒಳ್ಳೆಯದೇ ಆಯಿತು, ಸಮನ್ಸು ಮತ್ತೆ ಮೊದಲಿಂದ. ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು 2020ರಲ್ಲಿ ತೀರ್ಪಾಗಿದೆಯೆಂದು ಅತ್ತಿಗೆ ಹೆದರಿಸಿಯಾರು. ಪಾಲು ಕೊಡುವ ದಿನ ಬಂದರೆ ತಾನೇ!

ಒಂದು ಕಕ್ಷಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂಬ ನಿಯಮವೂ ಉಂಟು. ಜವಾನ ನಿಮ್ಮ ಹೆಸರು ಕೂಗುತ್ತಾನೆ. ಮೊನ್ನೆಯಷ್ಟೇ ಸನ್ನದು ಪಡೆದ ಹುಡುಗನೊಬ್ಬ ಎದ್ದು, 'ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ ಸ್ವಾಮಿ' ಎನ್ನುತ್ತಾನೆ. ಬೆಂಚ್ ಕ್ಲರ್ಕ್ ತಲೆ ಎತ್ತದೆ ಪುಟ ಮಗುಚಿ ಡೇಟು ಗುರುತು ಹಾಕುತ್ತಾರೆ. ಸಾಕ್ಷಿ ಹೇಳಲು ಇಸ್ತ್ರಿ ಅಂಗಿ ತೊಟ್ಟು ಬಂದ ತಮ್ಮ ಮತ್ತೆ ಬಸ್ ಸ್ಟ್ಯಾಂಡಿಗೆ ನಡೆಯುತ್ತಾನೆ. ಅವನ ಎದುರು ನಗಬೇಡಿ. ಕ್ಯಾಂಟೀನಿಗೆ ಹೋಗಿ ನಗಿ.

ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕಟ್ಟಿದವನಿಗೆ ಆರ್ಡರ್ 22 ಗೊತ್ತಿರಲಿಲ್ಲ. ನಮ್ಮಲ್ಲಿ ಸತ್ತವನಿಗೂ ಬಿಡುಗಡೆಯಿಲ್ಲ. 90 ದಿನದೊಳಗೆ ವಾರಸುದಾರರನ್ನು ದಾಖಲೆಗೆ ತರಬೇಕು, ತಡವಾದರೆ ಮಾಫಿಗೆ ಅರ್ಜಿ, ಅರ್ಜಿಗೆ ತಕರಾರು, ತಕರಾರಿಗೆ ವಾಯಿದೆ. ನೀವೇ ಹೋಗಿಬಿಟ್ಟರೂ ಮಕ್ಕಳಿಗೆ ತೋಟದ ಜತೆ ಇದೂ ಬರುತ್ತದೆ.

ತಮ್ಮ ಗೆದ್ದನೆನ್ನಿ. ಕೈಗೆ ಬರುವುದು ಪ್ರಾಥಮಿಕ ಡಿಕ್ರಿ: ಯಾರಿಗೆ ಎಷ್ಟು ಪಾಲು ಎಂದಷ್ಟೇ. ಯಾವ ಮರ ಯಾರದೆಂಬುದಕ್ಕೆ ಅಂತಿಮ ಡಿಕ್ರಿಯ ಬೇರೆ ಕಲಾಪ, ಕಮಿಷನರ್, ಅಳತೆ, ನಕ್ಷೆ. ಅಳತೆಯ ಸರಪಳಿ ಬೇಲಿ ಮುಟ್ಟಿದ ದಿನವೇ ನಕ್ಷೆಗೆ ಆಕ್ಷೇಪಣೆ ಹಾಕಿ. ಇಷ್ಟು ವರ್ಷ ಉಂಡ ಫಸಲಿನ ಲೆಕ್ಕ ಒಪ್ಪಿಸಬೇಕಂತೆ. ಅದಕ್ಕೂ ವಿಚಾರಣೆ ಇದೆ, ಚಿಂತೆಯಿಲ್ಲ. ನಡುವೆ ಮೇಲ್ಮನವಿ ಇದ್ದೇ ಇದೆ.

ಕೊನೆಗೆ ಅಮಲ್ಜಾರಿ. ಡಿಕ್ರಿ ಸಿಕ್ಕ ಮೇಲೆಯೇ ಕಕ್ಷಿದಾರನ ಕಷ್ಟ ಶುರು ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಕಂಡುಕೊಂಡಿತ್ತು. 2021ರಲ್ಲಿ, ಬೆಂಗಳೂರಿನ ಜಮೀನಿನ ವ್ಯಾಜ್ಯವೊಂದರಲ್ಲಿ, ಅಮಲ್ಜಾರಿ 6 ತಿಂಗಳಲ್ಲಿ ಮುಗಿಯಲೇಬೇಕೆಂದು ಸುಪ್ರೀಂ ಕೋರ್ಟ್ ಅಪ್ಪಣೆ ಕೊಡಿಸಿತು. ಅದಕ್ಕೆಂದೇ ನಿಮ್ಮ ಬಾಮೈದನ ಹೆಸರಿನಲ್ಲಿ ಒಂದು ಕ್ರಯದ ಕರಾರು ಪತ್ರ ತಯಾರಿರಲಿ. ಅಮೀನ ತೋಟಕ್ಕಿಳಿದ ದಿನ ಆತ ತಡೆದು ನಿಂತು ತಕರಾರು ಅರ್ಜಿ ಹಾಕುತ್ತಾನೆ, ಅದು ಹೊಸ ವಿಚಾರಣೆ. ಛಾಪಾ ಕಾಗದ ಮಾತ್ರ ಹಳೆಯದಿರಬೇಕು; ಈಗಲೇ ಕೊಂಡಿಡಿ, ಅಷ್ಟು ಹೊತ್ತಿಗೆ ಹಳೆಯದಾಗಿರುತ್ತದೆ.