ಪಂಚಾಂಗದಲ್ಲಿಲ್ಲದ ಪುಣ್ಯವತಿ

ಪುರಾತನವಾದುದನ್ನಲ್ಲದೆ ಬೇರೊಂದನ್ನು ಕಣ್ಣೆತ್ತಿ ನೋಡೆನೆಂಬ ವ್ರತವನ್ನು ಹಿಡಿದವರು ಲೋಕದಲ್ಲಿ ಕೆಲವರುಂಟು; ಅಂಥವರಲ್ಲೊಬ್ಬರು ನಮಗೆ ಸೋದರಮಾವನವರೂ ಆಗಿ, ಪ್ರತಿ ಬೇಸಿಗೆಯಲ್ಲಿಯೂ ನಜರ್‌ಬಾದಿನ ನಮ್ಮ ಮನೆಗೆ ದಯಮಾಡಿಸುವರೆಂದಮೇಲೆ, ಈ ಮೈಸೂರಿನಲ್ಲಿ ಅವರಿಗೆ ತೋರಿಸತಕ್ಕ ಸ್ಥಳವನ್ನು ಅರಸುವುದು ಅಲ್ಪಪ್ರಯಾಸವಲ್ಲ. ಅರಮನೆಯನ್ನು ಅವರು 1912ರ ಕಟ್ಟಡವೆಂದು ಎಂದೋ ತಳ್ಳಿಹಾಕಿದ್ದಾರೆ. ನಮ್ಮ ನಜರ್‌ಬಾದಿಗಾದರೂ, ಟಿಪ್ಪು ಸುಲ್ತಾನನು ಮೈಸೂರಿನ ಕೋಟೆಯನ್ನು ಕೆಡವಿಸಿ ತರಿಸಿದ ಕಲ್ಲುಗಳು 1799ರ ತರುವಾಯ ಬಂದ ದಾರಿಯಲ್ಲಿಯೇ ಹಿಂದಿರುಗಿದುದರಿಂದ, ಉಳಿದಿರುವ ಪ್ರಾಚೀನತೆ ಹೆಸರಿನದೊಂದೇ. ಹೀಗಿರಲು, ಹತ್ತಿರದಲ್ಲಿರುವ ಸಂತ ಫಿಲೋಮಿನಾ ಚರ್ಚಿಗೆ ಅವರನ್ನು ಕರೆದೊಯ್ದೆ.

ನೂರೆಪ್ಪತ್ತೈದು ಅಡಿಯ ಅವಳಿ ಗೋಪುರಗಳನ್ನು ನೋಡಿದೊಡನೆ ಮಾವನವರು ಪ್ರಸನ್ನರಾದರು. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟದ್ದು 1933ರ ಅಕ್ಟೋಬರ್ 28ರಂದು ಎಂಬುದನ್ನು ಕೇಳಿದೊಡನೆ ಆ ಪ್ರಸನ್ನತೆ ಇಳಿಯಿತು.

"ಏನಯ್ಯ, ಆ ವೇಳೆಗೆ ನನಗೆ ಉಪನಯನವಾಗಿತ್ತು!"

ಇದೇ ಸ್ಥಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1843ರಲ್ಲಿಯೇ ಚರ್ಚನ್ನು ಕಟ್ಟಿಸಿದ್ದರೆಂದೆ, ಅದೀಗ ಕಾಣದೆಂದರು. ಜರ್ಮನಿಯ ಕಲೋನ್ ಮಹಾದೇವಾಲಯವೇ ಇದಕ್ಕೆ ಮಾದರಿ, ಅದು 1248ರಲ್ಲಿ ಆರಂಭವಾಗಿ 1880ರಲ್ಲಿ ಮುಗಿಯಿತೆಂದೆ. ಅಷ್ಟು ವಿಳಂಬ ಮಾಡಿದವರ ಮೇಲೆ ಮಾವನವರಿಗೆ ಗೌರವ ಹುಟ್ಟಿತೇ ಹೊರತು ನಮ್ಮ ಕಟ್ಟಡದ ಮೇಲೆ ಹುಟ್ಟಲಿಲ್ಲ.

ಕಡೆಯ ಅಸ್ತ್ರವಾಗಿ ಅವರನ್ನು ನೆಲಮಾಳಿಗೆಗೆ ಇಳಿಸಿದೆ. ಅಲ್ಲಿ ಪವಡಿಸಿದ ಭಂಗಿಯಲ್ಲಿ ಫಿಲೋಮಿನಾಳ ಪ್ರತಿಮೆಯಿದೆ; ಮಹಾರಾಜರ ಕಾರ್ಯದರ್ಶಿಗಳಾಗಿದ್ದ ತಂಬುಚೆಟ್ಟಿಯವರು 1926ರಲ್ಲಿ ಪೋಪರ ಪ್ರತಿನಿಧಿಗಳಾಗಿದ್ದ ಪೀಟರ್ ಪಿಸಾನಿಯವರ ಮೂಲಕ ಪಡೆದು ತಂದ ಪವಿತ್ರ ಅವಶೇಷವೂ ಈ ಚರ್ಚಿನಲ್ಲಿದೆ. ಆಕೆಯ ಅಸ್ಥಿಗಳು 1802ರಲ್ಲಿ ರೋಮಿನ ಪ್ರಿಸ್ಸಿಲ್ಲಾ ಭೂಸಮಾಧಿಯಲ್ಲಿ ದೊರೆತುವೆಂದೂ, ಸಮಾಧಿಯನ್ನು ಮುಚ್ಚಿದ್ದ, ಬರಹವುಳ್ಳ ಮೂರು ಹಂಚುಗಳು ಹಿಂದುಮುಂದಾಗಿ ಕೂಡಿದ್ದು, ಪಂಡಿತರು ಮೊದಲಿನದನ್ನು ಕೊನೆಗೆ ಸರಿಸಿ ಓದಿದಾಗಲೇ ಹೆಸರು ಕೂಡಿತೆಂದೂ ವಿವರಿಸಿದೆ.

"ಗಾರೆಯವರು ಎಲ್ಲ ಕಾಲಕ್ಕೂ ಒಂದೇ," ಎಂದರು ಮಾವನವರು. ಹೋದ ವರ್ಷವಷ್ಟೇ ಅವರು ಮನೆಯ ಮಾಳಿಗೆ ದುರಸ್ತಿ ಮಾಡಿಸಿದ್ದರು. ಆದರೂ ಧ್ವನಿಯಲ್ಲಿ ಭಕ್ತಿಯ ಛಾಯೆ ತೋರಿತು; ಹದಿನಾರೋ ಹದಿನೇಳೋ ಶತಮಾನಗಳಾದವೆಂದು ಬೆರಳು ಮಡಿಸುತ್ತಿದ್ದರು.

ಅಷ್ಟಕ್ಕೆ ಸುಮ್ಮನಿರದೆ, ಚರಿತ್ರೆಯ ಆಧಾರ ಸಾಲದೆಂದು ರೋಮಿನವರು 1961ರಲ್ಲಿ ಆಕೆಯ ಹಬ್ಬವನ್ನು ತಮ್ಮ ಪಂಚಾಂಗದಿಂದ ತೆಗೆದುಹಾಕಿದ ಸಂಗತಿಯನ್ನೂ ಅರುಹಿದೆ. ಮಾವನವರು ಸುತ್ತ ನೋಡಿದರು. ಮೊಂಬತ್ತಿ ಹಿಡಿದವರಲ್ಲಿ ಕುಂಕುಮವಿಟ್ಟವರಿದ್ದರು, ಶಿಲುಬೆ ತೊಟ್ಟವರಿದ್ದರು, ಪರೀಕ್ಷೆಯ ಹೆದರಿಕೆಯೊಂದನ್ನೇ ಧರ್ಮವಾಗಿ ಉಳ್ಳ ಇಬ್ಬರು ವಿದ್ಯಾರ್ಥಿಗಳಿದ್ದರು. ರೋಮಿನ ತೀರ್ಮಾನದಿಂದ ಅವರಲ್ಲಾರೂ ಎದೆಗುಂದಿದಂತೆ ಕಾಣಲಿಲ್ಲ.

"ಒಂಟಿಕೊಪ್ಪಲಿನ ಪಂಚಾಂಗವಿರುವ ಊರಿನಲ್ಲಿ ರೋಮಿನದನ್ನು ನೋಡುವವರಾರಯ್ಯ?" ಎಂದು ಹೇಳಿ, ತಾವೂ ಒಂದು ಮೊಂಬತ್ತಿ ಹಚ್ಚಿದರು, ಅದರ ಬೆಲೆಯನ್ನು ಮಾತ್ರ ನನ್ನಿಂದ ಕೊಡಿಸಿದರು.

ಮೈಸೂರನ್ನು ನೋಡಬರುವ ಮಹನೀಯರಲ್ಲಿ ನನ್ನದೊಂದು ವಿಜ್ಞಾಪನೆ: ಅಶೋಕ ರಸ್ತೆಯಲ್ಲಿ ನಿಂತು ಗೋಪುರಗಳನ್ನಷ್ಟೇ ನೋಡಿ ಜಟಕಾ ಹತ್ತದೆ, ದಯವಿಟ್ಟು ಮೆಟ್ಟಿಲಿಳಿದು ಕೆಳಗೂ ಹೋಗಿಬನ್ನಿ; ಆಗಸ್ಟ್ ತಿಂಗಳಲ್ಲಿ ಹಬ್ಬದ ಜನಸಂದಣಿಯಿರುವುದರಿಂದ, ಆಗ ಬರುವವರು ಬೆಳಗಾಗುತ್ತಲೇ ಹೊರಡುವುದು ಲೇಸು.